ಅರ್ಧ ಒಣಗಿದ ಮಾವು

“ಹೊರಗೆ ಯಾರೋ ಉಳಿ ಹಿಡ್ಕೊಂಡು ಕೆತ್ತುತ್ತಾ ಇದ್ದಾರಲ್ಲ, ಯಾರದು?” ಎಂದು ಹೆಂಡತಿ ರಾಜೀವಿ ಕೇಳಿದಾಗ ಧರ್ಣಪ್ಪ ಅವಳಿಗೆ ಚಮಚದಲ್ಲಿ ಗಂಜಿಯ ತಿಳಿ ಕುಡಿಸುತ್ತಿದ್ದ. ಚಮಚವನ್ನು ಬಟ್ಟಲಲ್ಲೇ ಬಿಟ್ಟು ಕಿವಿಗೊಟ್ಟ. ಟಕಟಕ ಎಂದು ನಾಲ್ಕಾರು ಏಟು, ಸ್ವಲ್ಪ ಬಿಡುವು, ಮತ್ತೆ ನಾಲ್ಕಾರು ಏಟು. ಕೆತ್ತುವವರಿಗೆ ಅವಸರ ಇದ್ದಂತೆ ಕಾಣಲಿಲ್ಲ.

“ಯಾರೂ ಅಲ್ಲ. ಮರಕುಟಿಗ.”

“ಯಾವ ಮರದಲ್ಲಿ?”

ಧರ್ಣಪ್ಪ ಅವಳ ಗಲ್ಲಕ್ಕೆ ಇಳಿದಿದ್ದ ತಿಳಿಯನ್ನು ಹೆಗಲ ಬೈರಾಸಿನಿಂದ ಒರೆಸಿದ. ಯಾವ ಮರ ಎಂದು ಮೊದಲ ಏಟಿಗೇ ಅವನಿಗೆ ಗೊತ್ತಾಗಿತ್ತು, ಹೇಳಲು ಮನಸ್ಸಾಗಲಿಲ್ಲ.

“ಅಂಗಳದ ಕಾಟುಮಾವಾ?” ಎಂದು ಅವಳೇ ಕೇಳಿದಳು.

“ಹೂಂ.”

“ಹಾಗಾದ್ರೆ ಮಂಚವನ್ನು ಆ ಕಿಟಕಿ ಹತ್ತಿರ ಎಳೆಯಿರಿ ಮಾರಾಯ್ರೆ. ಈ ಗೋಡೆ ನೋಡಿ ನೋಡಿ ನನಗೆ ಸಾಕಾಯ್ತು.”

ಉಜಿರೆಯ ಕಾಲೇಜಿಗೆ ರಜೆ ಹಾಕಿ ಮನೆಯಲ್ಲೇ ಉಳಿದಿದ್ದ ಮಗಳು ವಿಸ್ಮಿತಾ ಅಡುಗೆಮನೆಯಿಂದ ಬಂದು ಕಾಲ ಕಡೆ ಹಿಡಿದಳು. ಅಪ್ಪ ಮಗಳು ಸೇರಿ ಮಂಚವನ್ನು ಎಳೆದರು. ಅದು ಹಲಸಿನ ಮರದ ಹಳೆಯ ಮಂಚ, ಭಾರ ಏನಿದ್ದರೂ ಅದರದೇ. ಮೇಲೆ ಮಲಗಿದವಳ ಭಾರ ಲೆಕ್ಕಕ್ಕೇ ಬರಲಿಲ್ಲ. ಕಿಟಕಿಯ ಸರಳಿನಾಚೆ ಮಾವಿನ ಒಣಕೊಂಬೆಯ ಬುಡದಲ್ಲಿ ಹಕ್ಕಿಯೊಂದು ಬಾಲವನ್ನು ಊರುಗೋಲಿನಂತೆ ಒತ್ತಿಕೊಂಡು ನಿಂತಿತ್ತು. ಚಿನ್ನದ ಬಣ್ಣದ ಬೆನ್ನು, ತಲೆಯ ಮೇಲೆ ಕೆಂಪು ಜುಟ್ಟು. ಅದರ ಕೊಕ್ಕಿನ ಕೆಳಗಿಂದ ಮರದ ಚಕ್ಕೆಗಳು ಅಂಗಳಕ್ಕೆ ಉದುರುತ್ತಿದ್ದವು. “ಅಬ್ಬಾ, ಏನು ಚಂದ ಉಂಟು!” ಎಂದಳು ರಾಜೀವಿ. ಧರ್ಣಪ್ಪ ಮಾತ್ರ ಬಟ್ಟಲು ತೊಳೆಯುವ ನೆಪ ಮಾಡಿಕೊಂಡು ಒಳಗೆ ಹೋದ.

ಅವಳನ್ನು ಮಂಗಳೂರಿನ ಆಸ್ಪತ್ರೆಯಿಂದ ಕರೆತಂದು ವಾರವೂ ಆಗಿರಲಿಲ್ಲ. ಹೊಟ್ಟೆಯಲ್ಲಿ ಶುರುವಾದದ್ದು ಪಿತ್ತಕೋಶಕ್ಕೂ ಹಬ್ಬಿದೆ ಎಂದಿದ್ದ ಡಾಕ್ಟರು ಕೊನೆಗೆ, “ಮನೆಗೆ ಕರಕೊಂಡು ಹೋಗಿ, ಅವರಿಗೆ ಇಷ್ಟ ಇದ್ದದ್ದನ್ನು ತಿನ್ಲಿಕ್ಕೆ ಕೊಡಿ,” ಎಂದರು. ಈ ಮಾತಿನ ಅರ್ಥ ತಿಳಿಯದವರು ಕಕ್ಕಿಂಜೆ ಊರಿನಲ್ಲಿ ಯಾರೂ ಇಲ್ಲ. ರಾಜೀವಿಗೆ ಇಷ್ಟ ಇದ್ದದ್ದು ಅದೇ ಅಂಗಳದ ಮಾವಿನ ಮಿಡಿಯ ಉಪ್ಪಿನಕಾಯಿ. ಈಗ ಅದರ ರಸವನ್ನು ಬೆರಳ ತುದಿಯಲ್ಲಿ ನಾಲಿಗೆಗೆ ಹಚ್ಚಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು, ಅಷ್ಟೇ.

ಧರ್ಣಪ್ಪನಿಗೆ ಇದ್ದದ್ದು ಮನೆಯೆದುರಿನ ರಬ್ಬರು ಗುಡ್ಡೆ. ಬೆಳಿಗ್ಗೆ ಎದ್ದು ಮರದ ತೊಗಟೆ ಗೀರಿ ಟ್ಯಾಪಿಂಗ್ ಮಾಡುವುದು, ಇಳಿದ ಹಾಲು ತಂದು ಶೀಟು ಹೊಡೆಯುವುದು, ಒಣಗಿಸುವುದು. ಆದರೆ ಊರಿನವರಿಗೆ ಅವನ ನೆನಪಾಗುತ್ತಿದ್ದದ್ದು ಸಾವಾದಾಗ. ಆ ಕಡೆಯ ಕ್ರಮದಲ್ಲಿ ಸತ್ತವರನ್ನು ಅವರ ಜಾಗದಲ್ಲೇ, ಅವರದೇ ಜಾಗದ ಮಾವಿನ ಮರ ಕಡಿದು ಸುಡುತ್ತಾರೆ. ಯಾವ ಮರ ಆಗಬಹುದು, ಅದನ್ನು ಯಾವ ಕಡೆಗೆ ಬೀಳಿಸಬೇಕು, ಚಿತೆ ಕುಸಿಯದ ಹಾಗೆ ತುಂಡುಗಳನ್ನು ಹೇಗೆ ಒಟ್ಟಬೇಕು, ಇದಕ್ಕೆಲ್ಲ ಚಾರ್ಮಾಡಿ ರಸ್ತೆಯ ಎರಡೂ ಬದಿಯವರಿಗೆ ಧರ್ಣಪ್ಪನೇ ಬೇಕು. ಸುದ್ದಿ ಬಂದ ಕೂಡಲೇ ಬೈರಾಸು ಹೆಗಲಿಗೆ ಹಾಕಿ ಹೊರಡುತ್ತಿದ್ದ. ಹೋದವನು ಮೊದಲು ಮನೆಯೊಳಗೆ ಕಾಲಿಡುತ್ತಿರಲಿಲ್ಲ. ಅಂಗಳಕ್ಕೆ ಒಂದು ಸುತ್ತು ಹಾಕಿ, ತಲೆಯೆತ್ತಿ ನೋಡಿ, ಆಮೇಲೆ ಜಗಲಿಗೆ ಹತ್ತುತ್ತಿದ್ದ. ಅಷ್ಟು ಹೊತ್ತಿಗೆ ಮರ ತೀರ್ಮಾನವಾಗಿರುತ್ತಿತ್ತು.

ಅವನು ಹುಡುಕುತ್ತಿದ್ದದ್ದು ಅರ್ಧ ಒಣಗಿದ ಮರವನ್ನು. ಪೂರ್ತಿ ಹಸಿಮರವಾದರೆ ಬರೀ ಹೊಗೆ. ಪೂರ್ತಿ ಒಣಗಿದ್ದಾದರೆ ಭಗ್ಗೆಂದು ಉರಿದು ಮುಗಿಯುತ್ತದೆ, ಆಗಬೇಕಾದ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಒಂದೇ ಮರದಲ್ಲಿ ಎರಡೂ ಸಿಕ್ಕಿ, ಅದು ಮನೆಗೆ ಹತ್ತಿರವೂ ಇದ್ದರೆ ಹೊರುವವರ ಬೆನ್ನೂ ಉಳಿಯುತ್ತದೆ. ತನ್ನ ಜೊತೆ ಬರುವ ಜವ್ವನಿಗರಿಗೆ ಅವನು ಇದನ್ನೆಲ್ಲ ಹೇಳಿಕೊಟ್ಟಿದ್ದ. ಗರಗಸದ ಮೆಷಿನ್ ಇಟ್ಟುಕೊಂಡ ಪಕ್ಕದ ಮನೆಯ ಉನೈಸ್‌ಗಂತೂ ಇದು ಬಾಯಿಪಾಠವಾಗಿತ್ತು; ಊರಿನಲ್ಲಿ ಯಾರದೇ ಮನೆಯಲ್ಲಿ ಸಾವಾಗಲಿ, ಮೆಷಿನ್ ಹೊತ್ತು ಬರುವವನು ಅವನೇ.

“ಮನೆಯವರನ್ನು ಕೇಳ್ಲಿಕ್ಕೆ ಹೋಗ್ಬಾರ್ದು,” ಎನ್ನುತ್ತಿದ್ದ ಧರ್ಣಪ್ಪ. “ಯಾವ ಮರ ಕಡಿಯುವ ಅಂತ ಕೇಳಿದ್ರೆ ಪಾಪ, ಅವರು ಎಂತ ಹೇಳ್ಬೇಕು? ಮರ ಬೀಳುವ ಹೊತ್ತಿಗೆ ಮನೆಯಿಂದ ಒಬ್ರಾದ್ರೂ ಬೇಡ ಬೇಡ ಅಂತ ಓಡಿ ಬರ್ತಾರೆ. ಅದನ್ನೂ ಕೇಳ್ಬಾರ್ದು. ಅವರು ಹೇಳುವುದು ಮರದ ಸಂಗತಿ ಅಲ್ಲ.”

ಒಮ್ಮೆ ಘಾಟಿಯ ಬುಡದ ಮನೆಯೊಂದರಲ್ಲಿ, ತಾಯಿ ತೀರಿಕೊಂಡ ಗಂಡಸೊಬ್ಬ ಮಾವಿನ ಬುಡವನ್ನು ತಬ್ಬಿ ಹಿಡಿದು ಬಿಡಲೇ ಇಲ್ಲ. ಧರ್ಣಪ್ಪನೇ ಅವನ ಕೈಗಳನ್ನು ಒಂದೊಂದಾಗಿ ಬಿಡಿಸಿ, ಹೆಗಲು ಬಳಸಿ, “ನೀನು ಕೂತ್ಕೋ. ಮರದ ಸಂಗತಿ ನಮಗೆ ಬಿಡು,” ಎಂದು ಜಗಲಿಗೆ ಕರೆತಂದು ಕೂರಿಸಿದ್ದ. ಅದನ್ನು ನೆನೆದಾಗ ಅವನಿಗೆ ಹೆಮ್ಮೆಯೇ ಆಗುತ್ತಿತ್ತು. ಅಂಥ ಹೊತ್ತಿನಲ್ಲಿ ಯಾರಾದರೊಬ್ಬರು ಗಟ್ಟಿ ಇರಬೇಕಲ್ಲ.

ಇನ್ನೊಂದು ಮಾತನ್ನು ಅವನು ಇನ್ನೂ ಖಡಕ್ಕಾಗಿ ಹೇಳುತ್ತಿದ್ದ. ಉಸಿರು ಇರುವಾಗ ಯಾರೂ ಮರ ನೋಡಬಾರದು. ನೋಡುವುದು ಬಿಡಿ, ಅದರ ಮಾತೂ ಎತ್ತಬಾರದು. ಹಾಗೆ ಎತ್ತಿದವನೊಬ್ಬನನ್ನು ಎಲ್ಲರೆದುರು ಉಗಿದು ಮನೆಗೆ ಕಳಿಸಿದ್ದೂ ಉಂಟು.

ಹಾಗಾಗಿ ರಾಜೀವಿ ಮನೆಗೆ ಬಂದಂದಿನಿಂದ ಅವನು ಅಂಗಳದ ಮಾವಿನ ಕಡೆ ಕಣ್ಣೆತ್ತಿರಲಿಲ್ಲ. ಬಂದಳಿಕೆ ಹಿಡಿದು ಅದರ ಪಡುಬದಿಯ ದೊಡ್ಡ ಕೊಂಬೆ ಎರಡು ವರ್ಷದ ಹಿಂದೆಯೇ ಒಣಗಿತ್ತು. ಉಳಿದ ಅರ್ಧದಲ್ಲಿ ಈಗಲೂ ಮಿಡಿ ಕಚ್ಚಿತ್ತು. ಮನೆಯಿಂದ ನಾಲ್ಕು ಹೆಜ್ಜೆ ಹೋದರೆ ಬುಡ. ಅವನ ಜೊತೆ ಒಂದು ಸಲ ಬಂದವನಾದರೂ ಸಾಕು, ಈ ಅಂಗಳದಲ್ಲಿ ನಿಂತು ಅದನ್ನೇ ಬೊಟ್ಟುಮಾಡಿ ತೋರಿಸುತ್ತಿದ್ದ. ಇನ್ನೊಂದು ಮಾವು ಇದ್ದದ್ದು ಕೆಳಗೆ ಹೊಳೆಯ ಬದಿಯಲ್ಲಿ, ದೂರ, ಕಡಿದಾದ ಇಳಿಜಾರು. ಧರ್ಣಪ್ಪ ತಲೆ ತಗ್ಗಿಸಿಕೊಂಡೇ ಅಂಗಳ ದಾಟುತ್ತಿದ್ದ. ಈಗ ನೋಡಿದರೆ ಈ ಹಕ್ಕಿಯೂ ಹುಡುಕಿ ಹುಡುಕಿ ಅದೇ ಮರಕ್ಕೆ ಬಂದಿತ್ತು. ಗಟ್ಟಿ ನಿಲ್ಲಲು ಹಸಿಬುಡವೂ ಕೊಕ್ಕು ಇಳಿಯಲು ಮೆತ್ತಗಾದ ಒಣಕೊಂಬೆಯೂ ಅದಕ್ಕೂ ಬೇಕಿತ್ತು. ತಾನು ಹುಡುಕುವ ಮರವನ್ನೇ ಹುಡುಕುವ ಜೀವ ಇನ್ನೊಂದುಂಟು ಎಂದು ಅವನಿಗೆ ಆವತ್ತೇ ತಿಳಿದದ್ದು.

ಆದರೆ ರಾಜೀವಿಗೆ ಆ ಕಿಟಕಿಯೇ ಮನೆಯಾಯಿತು. ನೋವಿನ ಮಾತ್ರೆಯ ಮಂಪರು ಕಳೆದ ಹೊತ್ತಿನಲ್ಲೆಲ್ಲ ಅವಳು ಮರಕ್ಕೇ ಕಣ್ಣು ನೆಟ್ಟಿರುತ್ತಿದ್ದಳು. ಬಂದದ್ದು ಒಂದಲ್ಲ, ಜೋಡಿ. ಗಂಡಿಗೆ ನೆತ್ತಿಯಿಡೀ ಕೆಂಪು. ಹೆಣ್ಣಿಗೆ ಹಣೆಯ ಮೇಲೆ ಕಪ್ಪು, ಅದರಲ್ಲಿ ಅಕ್ಕಿನುಚ್ಚು ಚೆಲ್ಲಿದಂತೆ ಬಿಳಿ ಚುಕ್ಕೆ. ಎರಡೂ ಸರದಿಯಲ್ಲಿ ಕೆತ್ತಿದವು. ತೂತು ಮೊದಲು ತಲೆ ಹಿಡಿಯುವಷ್ಟಾಯಿತು, ಆಮೇಲೆ ಹೆಗಲು, ಆಮೇಲೆ ಬಾಲದ ತುದಿಯೊಂದು ಹೊರಗೆ ಕಾಣುವಷ್ಟು ಆಳ. ಗೂಡಿಗೆ ಹುಲ್ಲು ನಾರು ಏನನ್ನೂ ತರಲಿಲ್ಲ, ಒಳಗೆ ಉಳಿದ ಮರದ ಹುಡಿಯೇ ಹಾಸಿಗೆ. ಹೊರಗೆ ಉದುರಿದ ಚಕ್ಕೆಗಳನ್ನು ವಿಸ್ಮಿತಾ ದಿನಾ ಗುಡಿಸಿ ಒಲೆಗೆ ಹಾಕಿದಳು.

“ನೀವು ಗಮನಿಸಿದ್ದೀರಾ?” ಎಂದು ಒಂದು ಸಂಜೆ ರಾಜೀವಿ ಕೇಳಿದಳು. “ಕತ್ತಲಾಗುವಾಗ ಒಳಗೆ ಹೋಗಿ ಮಲಗುವುದು ಗಂಡು. ಮೊಟ್ಟೆಗೆ ಕಾವು ಕೂರುವುದೂ ಅದೇ. ಹೆಣ್ಣು ಆರಾಮಾಗಿ ಎಲ್ಲಿಯೋ ಹೋಗ್ತದೆ. ವಿಸ್ಮಿತಾ ಹುಟ್ಟಿದಾಗ ನೀವು ಒಂದು ರಾತ್ರಿ ಎದ್ದದ್ದುಂಟಾ?”

“ನಾನು ಎದ್ದಿದ್ರೆ ಬೆಳಿಗ್ಗೆ ಟ್ಯಾಪಿಂಗ್‌ಗೆ ನಿನ್ನ ಅಪ್ಪ ಹೋಗ್ತಿದ್ರಾ?”

ಅವಳು ನಕ್ಕಳು. ನಗುವಿಗೆ ಹೊಟ್ಟೆ ನೋವಾಗಿ ಮುಖ ಹಿಂಡಿದಳು, ಆದರೂ ನಕ್ಕಳು. ಧರ್ಣಪ್ಪನಿಗೆ ಆ ಹಕ್ಕಿಗಳ ಮೇಲೆ ಆವತ್ತು ಮೊದಲ ಸಲ ಪ್ರೀತಿ ಹುಟ್ಟಿತು. ಆಮೇಲೆ ಅವನೂ ಮಂಚದ ಅಂಚಿನಲ್ಲಿ ಕುಳಿತು ನೋಡತೊಡಗಿದ. ಹೆಂಡತಿ ನೋಡುವುದನ್ನು ನೋಡಿದರೆ ಅದು ಮರ ನೋಡಿದಂತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಮೇಲಿನ ಮನೆಯ ಸುಬ್ಬಪ್ಪ ಒಮ್ಮೆ ನೋಡಲು ಬಂದ. ಧರ್ಣಪ್ಪನ ದೊಡ್ಡಪ್ಪನ ಮಗ, ಅವನಿಗಿಂತ ಹತ್ತು ವರ್ಷ ಹಿರಿಯ, ಊರಿನ ಯಾವ ಕೆಲಸಕ್ಕೂ ಮುಂದೆ ನಿಲ್ಲುವ ಜನ. ರೋಗಿಯೆದುರು ಏನು ಮಾತಾಡುವುದೆಂದು ತಿಳಿಯದೆ ಕಿಟಕಿಯಾಚೆ ನೋಡಿ, “ಇದು ಇಲ್ಲಿ ಬಿಡಾರ ಮಾಡಿದ್ದಾ? ಹಾಳು ಹಕ್ಕಿ. ನನ್ನ ಕೊಕ್ಕೋ ಕಾಯಿ ಎಲ್ಲ ತೂತು ಮಾಡಿ ಇಟ್ಟಿದೆ ಮಾರಾಯ,” ಎಂದ.

“ನಿಮ್ಮ ಕೊಕ್ಕೋದಲ್ಲಿ ಹುಳ ಇರ್ಬಹುದು ಸುಬ್ಬಪ್ಪಣ್ಣ,” ಎಂದಳು ರಾಜೀವಿ ಮಲಗಿದಲ್ಲಿಂದಲೇ. “ನಮ್ಮ ರಬ್ಬರಿನಲ್ಲಿ ಇರುವೆ ಮುಗಿಸ್ತಾ ಉಂಟು ಅದು.” ಸುಬ್ಬಪ್ಪ ಹೂಂ ಹೂಂ ಎಂದು ಚಾ ಕುಡಿದು ಎದ್ದ. ಮೆಟ್ಟಿಲಿಳಿಯುವಾಗ ಒಂದು ಗಳಿಗೆ ನಿಂತು ಮಾವಿನ ಮರವನ್ನು ಬುಡದಿಂದ ತುದಿಯವರೆಗೆ ನೋಡಿದ. ನೋಡಿದ್ದನ್ನು ಧರ್ಣಪ್ಪ ಕಂಡನೆಂದು ತಿಳಿದ ಕೂಡಲೇ ಕೆಮ್ಮಿ, ಚಪ್ಪಲಿ ಹುಡುಕಿದ.

ಮೊಟ್ಟೆಯೊಡೆದು ಮರಿಗಳು ಹೊರಬಂದದ್ದು ಶಬ್ದದಿಂದ ಗೊತ್ತಾಯಿತು. ತಾಯಿಯೋ ತಂದೆಯೋ ಕೊಂಬೆಗೆ ಬಂದು ಕೂತರೆ ಸಾಕು, ತೂತಿನೊಳಗಿಂದ ಒಗ್ಗರಣೆ ಸಿಡಿದಂಥ ಸದ್ದು ಏಳುತ್ತಿತ್ತು. ಹಕ್ಕಿಗಳು ರಬ್ಬರು ಗುಡ್ಡೆಯ ಕಡೆಯಿಂದ ಏರುತ್ತ ಇಳಿಯುತ್ತ ಹಾರಿ ಬಂದು, ಕಾಂಡದ ತಗ್ಗಿಗೆ ಅಂಟಿಕೊಂಡು, ಸುತ್ತು ಹೊಡೆಯುತ್ತ ಮೇಲೇರಿ ತೂತಿನ ಬಾಯಿಗೆ ತಲುಪುತ್ತಿದ್ದವು. ಕೊಕ್ಕಿನ ತುಂಬ ಇರುವೆ, ಇರುವೆಯ ಬಿಳಿ ಮೊಟ್ಟೆ, ತೊಗಟೆಯಡಿಯ ಹುಳ. ಅದೇ ದಿನಗಳಲ್ಲಿ ರಾಜೀವಿ ಗಂಜಿಯ ತಿಳಿಯನ್ನೂ ಬೇಡವೆನ್ನತೊಡಗಿದಳು. ಕಣ್ಣಿನ ಬಿಳಿ ಅರಸಿನವಾಯಿತು, ಕಾಲು ಊದಿತು.

ಒಂದು ಮಧ್ಯಾಹ್ನ, ವಿಸ್ಮಿತಾ ಬಾಗಿಲ ಬಳಿ ಕುಳಿತು ಅಮ್ಮನ ಸೀರೆಗಳನ್ನು ಮಡಚುತ್ತಿದ್ದಾಗ, ರಾಜೀವಿ ಗಂಡನ ಮಣಿಕಟ್ಟು ಹಿಡಿದಳು.

“ನಾನು ಮನೆಗೆ ಬಂದ ದಿನದಿಂದ ನೀವು ಆ ಮರ ನೋಡ್ತಿರ್ಲಿಲ್ಲ. ಯಾಕೆ ಅಂತ ನನಗೆ ಗೊತ್ತುಂಟು.”

“ಎಂತದು ಗೊತ್ತಿರುವುದು?”

“ನಿಮ್ಮ ಜೊತೆ ಇಪ್ಪತ್ತೈದು ವರ್ಷ ಆಯ್ತು. ಯಾವ ಮರ ಅಂತ ನನಗೆ ಗೊತ್ತಾಗದಾ?” ಅವಳು ಉಸಿರು ತೆಗೆದುಕೊಳ್ಳಲು ನಿಂತಳು. “ಮರಿ ಹಾರುವವರೆಗೆ ಅದನ್ನು ಮುಟ್ಟಬೇಡಿ. ನನಗೆ ಹೊಳೆ ಬದಿಯದ್ದು ಸಾಕು. ಉನೈಸ್‌ಗೆ ಈಗಲೇ ಒಂದು ಮಾತು ಹೇಳಿಡಿ. ಆಮೇಲೆ ನಿಮ್ಮನ್ನು ಯಾರೂ ಕೇಳುದಿಲ್ಲ.”

“ಅಂಥ ಮಾತೆಲ್ಲ ಆಡ್ಬೇಡ,” ಎಂದು ಧರ್ಣಪ್ಪ ಗದರಿದ. ಗದರಿದ ದನಿ ತನಗೇ ಕರ್ಕಶವಾಗಿ ಕೇಳಿ ನಾಚಿಕೆಯಾಯಿತು. “ಮರಿ ಹಾರ್ತದೆ. ನೀನೇ ನೋಡ್ತಿ.”

“ನೋಡಿದ್ರೆ ಒಳ್ಳೇದೇ ಆಯ್ತಲ್ಲ. ಹೇಳಿಡಿ ಅಷ್ಟೆ,” ಎಂದಳು ಅವಳು. ಬಾಗಿಲ ಬಳಿ ವಿಸ್ಮಿತಾಳ ಕೈ ಸೀರೆಯ ಮೇಲೆ ನಿಂತಿತ್ತು.

ಮರುದಿನವೇ ಉನೈಸ್ ಬಂದ. ಕೈಯಲ್ಲಿ ಎರಡು ಸೀಯಾಳ. ಅವನ ಹೆಂಡತಿ ಝೈನಬ್ ಕಳಿಸಿದ್ದು. ರಾಜೀವಿ ನಿದ್ದೆಯಲ್ಲಿದ್ದಳು. ಬಾಗಿಲಲ್ಲೇ ನಿಂತು ನೋಡಿ, ಟೊಪ್ಪಿ ಸರಿಮಾಡಿಕೊಂಡು ಮೆಟ್ಟಿಲಿಳಿದ. ಧರ್ಣಪ್ಪ ಅವನ ಜೊತೆ ಗೇಟಿನವರೆಗೂ ಹೋದ. ಹೇಳಬೇಕಾದದ್ದು ಒಂದೇ ಮಾತು. ಅಂಗಳದ್ದು ಬೇಡ ಮಾರಾಯ, ಹೊಳೆ ಬದಿಯದ್ದು ನೋಡು. ಆದರೆ ಅದನ್ನು ಹೇಳಿದರೆ ಹೆಂಡತಿ ಮರಿ ಹಾರುವ ಮೊದಲೇ ಹೋಗುತ್ತಾಳೆ ಎಂದು ಅವನೇ ಬಾಯಾರೆ ಒಪ್ಪಿದಂತೆ. ಒಳಗೆ ಅವಳ ಉಸಿರು ಇನ್ನೂ ಆಡುತ್ತಿತ್ತು.

“ನಿನ್ನ ಮೆಷಿನ್‌ನ ಚೈನ್ ಸರಿ ಮಾಡಿಸಿದ್ಯಾ?” ಎಂದು ಕೇಳಿದ.

“ಹೊಸದೇ ಹಾಕ್ಸಿದೆ ಅಣ್ಣ,” ಎಂದ ಉನೈಸ್. ಹೇಳಿದ ಮೇಲೆ ಇಬ್ಬರಿಗೂ ಆ ಮಾತು ಬೇಡವಿತ್ತು ಅನ್ನಿಸಿತು. ಗೇಟು ಹಾಕಿಕೊಂಡು ಉನೈಸ್ ಹೋದ. ಧರ್ಣಪ್ಪ ಅಲ್ಲೇ ನಿಂತು ತನ್ನ ಬಾಯಿಗೆ ತಾನೇ ಶಾಪ ಹಾಕಿದ. ನಾಳೆ ಹೇಳುವ, ಎಂದುಕೊಂಡ. ಮರಿಗಳು ಬೆಳೆಯುತ್ತಿವೆಯಲ್ಲ, ಹೇಳುವ ಅಗತ್ಯವೇ ಬೀಳದೆಯೂ ಹೋದೀತು.

ಒಳಗೆ ಬಂದಾಗ ರಾಜೀವಿಗೆ ಎಚ್ಚರವಾಗಿತ್ತು. ವಿಸ್ಮಿತಾ ಅವಳ ತುಟಿಗೆ ಸೀಯಾಳದ ನೀರು ಹಚ್ಚುತ್ತಿದ್ದಳು.

“ಉನೈಸ್ ಬಂದಿದ್ನಾ? ಹೇಳಿದ್ರಾ?”

“ಹೇಳಿದ್ದೇನೆ.”

“ಎಂತ ಹೇಳಿದ?”

“ಆಯ್ತು ಅಂದ.”

ರಾಜೀವಿ ಕಣ್ಣು ಮುಚ್ಚಿದಳು. ಎಷ್ಟೋ ದಿನಗಳಿಂದ ಹುಬ್ಬಿನ ನಡುವೆ ಇದ್ದ ಗಂಟು ಸಡಿಲವಾದದ್ದು ಧರ್ಣಪ್ಪನಿಗೆ ಕಾಣಿಸಿತು. ಮದುವೆಯಾದ ಮೇಲೆ ಅವಳ ಹತ್ತಿರ ಸಣ್ಣಪುಟ್ಟ ಸುಳ್ಳು ಎಷ್ಟೋ ಹೇಳಿದ್ದ. ಯಾವುದೂ ಹೀಗೆ ಎದೆಯ ಮೇಲೆ ಕೂತಿರಲಿಲ್ಲ.

ಅಲ್ಲಿಂದ ಮುಂದೆ ಅವನಿಗೆ ಬೇರೆ ಕೆಲಸವೇ ಇರಲಿಲ್ಲ. ಟ್ಯಾಪಿಂಗ್ ಬಿಟ್ಟ. ಮರ ನೋಡಬಾರದೆಂಬುದನ್ನೂ ಬಿಟ್ಟ. ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಆ ತೂತನ್ನೇ ನೋಡುತ್ತ ಕುಳಿತ. ದೇವರ ಹತ್ತಿರ, ದೈವದ ಹತ್ತಿರ ಹೆಂಡತಿ ಬದುಕಲಿ ಎಂದು ಕೇಳುವ ಕಾಲ ದಾಟಿಹೋಗಿತ್ತು. ಮರಿ ಮೊದಲು ಹಾರಲಿ ಎಂದು ಮಾತ್ರ ಕೇಳಿಕೊಂಡ. ಹೀಗೆ ಕೇಳಿಕೊಳ್ಳುವುದೆಂದರೆ ಏನು ಎಂದು ಯೋಚಿಸಿದರೆ ತಲೆ ಕೆಟ್ಟಂತಾಗುತ್ತಿತ್ತು. ಕೊನೆಗೊಂದು ಸಂಜೆ ತೂತಿನ ಬಾಯಲ್ಲಿ ಮರಿಯ ತಲೆ ಕಂಡಿತು. ಮಾಸಲು ಕೆಂಪು ನೆತ್ತಿ, ಗಾಬರಿಯ ಕಣ್ಣು. ಅದನ್ನು ಒತ್ತಿ ಸರಿಸಿ ಇನ್ನೊಂದು ಇಣುಕಿತು. ಧರ್ಣಪ್ಪ ಒಳಗೆ ಓಡಿದ.

“ರಾಜೀವಿ, ನೋಡು. ತಲೆ ಹೊರಗೆ ಹಾಕಿದ್ದಾವೆ. ನಾಳೆಯೋ ನಾಡಿದ್ದೋ ಹಾರ್ತಾವೆ.”

ಅವಳು ಕಣ್ಣು ತೆರೆದಳು. ನೋಡಿದಳೋ ಇಲ್ಲವೋ ಅವನಿಗೆ ಕೊನೆಗೂ ತಿಳಿಯಲಿಲ್ಲ.

ಮರುದಿನ ಬೆಳಿಗ್ಗೆ, ಬಿಸಿಲು ಅಂಗಳಕ್ಕೆ ಬರುವ ಹೊತ್ತಿಗೆ ಅವಳ ಉಸಿರು ನಿಂತಿತು. ವಿಸ್ಮಿತಾ ಕಿರುಚಿದ್ದು ಮೇಲಿನ ಮನೆಗೆ ಕೇಳಿ ಸುಬ್ಬಪ್ಪ ಓಡಿ ಬಂದ. ಆಮೇಲೆ ಎಲ್ಲವೂ ತಾನೇ ತಾನಾಗಿ ನಡೆಯತೊಡಗಿತು. ಹೆಂಗಸರು ಒಳಗೆ ಸೇರಿದರು, ಯಾರೋ ಹಂಡೆಗೆ ನೀರು ಹೊಯ್ದರು, ಯಾರೋ ಬೆಳ್ತಂಗಡಿಗೂ ಮೂಡುಬಿದಿರೆಗೂ ನಂಟರಿಗೆ ಫೋನು ಮಾಡಿದರು. ಧರ್ಣಪ್ಪ ಅವಳ ಕಾಲ ಬಳಿ ಕುಳಿತಿದ್ದ. ಊರಿನ ಸಾವುಗಳಲ್ಲಿ ಇಷ್ಟು ಹೊತ್ತಿಗೆ ತಾನು ಎಲ್ಲಿರುತ್ತಿದ್ದೆ ಎಂದು ಅವನಿಗೆ ಥಟ್ಟನೆ ಹೊಳೆಯಿತು. ಎದ್ದು ಹೊರಗೆ ಬಂದ.

ಉನೈಸ್ ಮಾವಿನ ಬುಡದಲ್ಲಿ ಮೆಷಿನ್‌ಗೆ ಎಣ್ಣೆ ತುಂಬುತ್ತಿದ್ದ. ಮೇಲಿನ ಹಸಿಕೊಂಬೆಗೆ ಹಗ್ಗ ಬಿಗಿದಾಗಿತ್ತು. ಹಗ್ಗದ ತುದಿ ಹಿಡಿದವರು ಗದ್ದೆಯ ಕಡೆ ನಿಂತಿದ್ದರು. ಅವರ ಕೆಲಸದಲ್ಲಿ ಒಂದು ತಪ್ಪೂ ಇರಲಿಲ್ಲ, ಧರ್ಣಪ್ಪ ನಿಂತು ಮಾಡಿಸಿದ್ದರೂ ಹೀಗೇ ಇರುತ್ತಿತ್ತು.

“ಅದು ಬೇಡ,” ಎಂದ ಧರ್ಣಪ್ಪ. “ಆ ಮರ ಬೇಡ. ಹೊಳೆ ಬದಿಯದ್ದು.”

ಸುಬ್ಬಪ್ಪ ಅವನ ಕಡೆ ಬಂದ. “ಹೊಳೆ ಬದಿಯಿಂದ ಹೊತ್ತು ತರ್ಲಿಕ್ಕೆ ಆಗ್ತದಾ ಧರ್ಣಪ್ಪ? ಪೂರಾ ಹಸಿ ಬೇರೆ. ಹತ್ತಿರದ್ದು ನೋಡಿ, ಅರ್ಧ ಒಣಗಿದ್ದು ನೋಡಿ ಅಂತ ನೀನೇ ಅಲ್ವಾ ಹೇಳುದು?”

“ಬೇಡ ಸುಬ್ಬಪ್ಪಣ್ಣ. ಅದರಲ್ಲಿ ಮರಿ ಉಂಟು. ಹಕ್ಕಿಯ ಮರಿ. ಅವಳು ಹೇಳಿದ್ದಾಳೆ.”

“ಹೌದು, ಹೌದು,” ಎಂದ ಸುಬ್ಬಪ್ಪ, ಮಗುವನ್ನು ಸಂತೈಸುವ ದನಿಯಲ್ಲಿ. ಅವನ ಕಣ್ಣಲ್ಲಿ ನೀರಿತ್ತು. ಹಗ್ಗ ಹಿಡಿದವರು ಮುಖ ಬೇರೆ ಕಡೆ ತಿರುಗಿಸಿದರು. ಯಾರೂ ಅವನ ಮಾತನ್ನು ತಳ್ಳಿಹಾಕಿದ್ದಲ್ಲ. ಕೇಳಬಾರದೆಂದು ಕಲಿತದ್ದಕ್ಕೆ ಕೇಳಲಿಲ್ಲ, ಅಷ್ಟೇ. ಧರ್ಣಪ್ಪ ಸುಬ್ಬಪ್ಪನನ್ನು ದಾಟಿ ಎರಡು ಹೆಜ್ಜೆ ಮುಂದಿಟ್ಟು “ಉನೈಸಾ!” ಎಂದು ಕೂಗಿದ. ಅಷ್ಟರಲ್ಲಿ ಮೆಷಿನ್ ಸ್ಟಾರ್ಟ್ ಆಯಿತು. ಕಿವಿಗೆ ಮುಚ್ಚಳ ಹಾಕಿಕೊಂಡಿದ್ದ ಉನೈಸ್ ಒಮ್ಮೆ ತಲೆಯೆತ್ತಿ ಅವನನ್ನು ನೋಡಿ, ನೋಡಲಾಗದೆ, ಬುಡದ ಕಡೆ ಬಗ್ಗಿದ.

ಸುಬ್ಬಪ್ಪನ ತೋಳು ಹೆಗಲನ್ನು ಬಳಸಿತು. “ನೀನು ಕೂತ್ಕೋ. ಮರದ ಸಂಗತಿ ನಮಗೆ ಬಿಡು.”

ಅದು ಧರ್ಣಪ್ಪನದೇ ಮಾತು. ಆ ಮಾತನ್ನು ಹೇಳಿ ತಾನು ಜಗಲಿಗೆ ಕರೆತಂದವರೆಲ್ಲ ಏನು ಹೇಳಬೇಕೆಂದಿದ್ದರೋ ಎಂದು ಮೊದಲ ಸಲ ಅನ್ನಿಸಿ ಭಯವಾಯಿತು. ಒಳಗಿನಿಂದ ಹೆಂಗಸರು ಕರೆದರು. ಮೀಯಿಸುವ ಹೊತ್ತು, ಮೊದಲ ತಂಬಿಗೆ ಗಂಡ ಹೊಯ್ಯಬೇಕು. ಅವನು ಒಳಗೆ ಹೋದ. ಹೋಗದೆ ಮರದ ಬುಡದಲ್ಲಿ ಹೋಗಿ ಮಲಗಬಹುದಿತ್ತು ಎಂದು ಆಮೇಲೆ ಸಾವಿರ ಸಲ ಅನ್ನಿಸಿತು. ಆದರೆ ಆಗ ಒಳಗೆ ಹೋದ.

ಅವಳ ಹೆಗಲ ಮೇಲೆ ನೀರು ಹೊಯ್ಯುತ್ತಿದ್ದಾಗ ಹೊರಗೆ ಮೆಷಿನ್‌ನ ಸದ್ದು ಇದ್ದಕ್ಕಿದ್ದಂತೆ ನಿಂತು, ಮರ ನರಳಿ, ನೆಲ ನಡುಗಿತು. ಅಮ್ಮನ ತಲೆಯನ್ನು ಮಡಿಲಲ್ಲಿ ಹಿಡಿದಿದ್ದ ವಿಸ್ಮಿತಾ ಕತ್ತೆತ್ತಿದಳು.

“ಅಪ್ಪ, ಅದು ಯಾವ ಮರ?”

ಅವನು ತಂಬಿಗೆಯನ್ನು ಮತ್ತೆ ಹಂಡೆಗೆ ಅದ್ದಿದ.

“ನೀವು ಹೇಳಿದ್ದೀರಿ ಅಲ್ವಾ? ಅಮ್ಮನ ಹತ್ತಿರ ಹೇಳಿದ್ರಲ್ಲ?”

ಹೆಂಗಸರಿಗೆ ಏನೂ ಅರ್ಥವಾಗಲಿಲ್ಲ. ಹುಡುಗಿ ಅಪ್ಪನ ಮುಖವನ್ನೇ ನೋಡುತ್ತಿದ್ದು, ಆಮೇಲೆ ಬಗ್ಗಿ, ಅಮ್ಮನ ಎರಡೂ ಕಿವಿಗಳ ಮೇಲೆ ತನ್ನ ಅಂಗೈಗಳನ್ನು ಮುಚ್ಚಿ ಹಿಡಿದಳು.

ಚಿತೆಯನ್ನು ಗದ್ದೆಯ ಮೂಲೆಯಲ್ಲಿ ಒಟ್ಟಿದ್ದರು. ಒಂದು ತುಂಡೂ ಅಲುಗುವಂತಿರಲಿಲ್ಲ, ಹಸಿಯೂ ಒಣಗಿದ್ದೂ ಹದವಾಗಿ ಬೆರೆತಿತ್ತು. ಗಂಡುಮಕ್ಕಳಿಲ್ಲದ್ದರಿಂದ ಧರ್ಣಪ್ಪನೇ ಬೆಂಕಿ ಇಟ್ಟ. ಬಾಗಿದಾಗ ಪಕ್ಕದ ಬದುವಿನ ಮೇಲೆ ಬೇರೆಯೇ ಇಟ್ಟಿದ್ದ ಒಂದು ತುಂಡು ಕಣ್ಣಿಗೆ ಬಿತ್ತು. ಟೊಳ್ಳಾದ ತುಂಡನ್ನು ಚಿತೆಗೆ ಹಾಕಬಾರದು, ಸಿಡಿಯುತ್ತದೆ. ಅದೂ ಅವನೇ ಕಲಿಸಿದ್ದ ಪಾಠ. ತುಂಡಿನ ನಡುವಿನ ಗುಂಡಗಿನ ತೂತು ಮೇಲ್ಮುಖವಾಗಿತ್ತು.

ಬೆಂಕಿ ಚೆನ್ನಾಗಿ ಹತ್ತಿದ ಮೇಲೆ ಜನ ದೂರ ಸರಿದು ಕುಳಿತರು. ಉನೈಸ್ ಬಂದು ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕುಳಿತ. ಬಹಳ ಹೊತ್ತು ನೆಲ ಕೆದಕಿದ.

“ಬಿದ್ದ ಮೇಲೆ ನೋಡಿದ್ದು ಅಣ್ಣ. ಒಳಗೆ ಮೂರು ಇತ್ತು. ಒಂದಕ್ಕೂ ಜೀವ ಇರ್ಲಿಲ್ಲ.”

ಧರ್ಣಪ್ಪ ಬೆಂಕಿಯನ್ನೇ ನೋಡುತ್ತಿದ್ದ.

“ನೀವು ಬೇಡ ಅಂದದ್ದು ಕಂಡಿತು ನನಗೆ. ಕೇಳ್ಬಾರ್ದು ಅಂತ ನೀವೇ ಹೇಳಿದ್ದಲ್ವಾ, ಹಾಗೆ…” ಅವನ ದನಿ ಒಡೆಯಿತು. “ಮೊನ್ನೆ ಬಂದಾಗ ಒಂದು ಮಾತು ಹೇಳಿದ್ರೆ ಆಗ್ತಿತ್ತಲ್ಲ ಅಣ್ಣ.”

“ರೆಕ್ಕೆ ಬಂದಿತ್ತಾ?” ಎಂದು ಕೇಳಿದ ಧರ್ಣಪ್ಪ.

“ಬಂದಿತ್ತು. ಪೂರಾ ಬಂದಿತ್ತು.”

ಉನೈಸ್ ಎದ್ದು ಹೋದ. ಹೊಗೆ ಕಡಿಮೆಯಾಗಿ ಉರಿ ಒಂದೇ ಹದದಲ್ಲಿ ಉರಿಯಿತು. ಒಳ್ಳೆಯ ಮರ, ಎಂದಿತು ಧರ್ಣಪ್ಪನ ಒಳಗಿನ ಹಳೆಯ ಅಭ್ಯಾಸ. ಅದಕ್ಕಾಗಿ ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮರುದಿನ ಬೆಳಿಗ್ಗೆ ಮನೆಯಲ್ಲಿ ನಂಟರು ಇನ್ನೂ ಎದ್ದಿರಲಿಲ್ಲ. ರಾಜೀವಿಯ ಮಂಚವನ್ನು ಕ್ರಮದಂತೆ ಹೊರಗೆ ಹಾಕಿ, ತೊಳೆದು, ಕಿಟಕಿಯ ಪಕ್ಕದ ಗೋಡೆಗೆ ನೆಟ್ಟಗೆ ಒರಗಿಸಿ ಇಟ್ಟಿದ್ದರು. ಧರ್ಣಪ್ಪ ಜಗಲಿಯ ಮೆಟ್ಟಿಲಲ್ಲಿ ಕುಳಿತಿದ್ದ. ಮರ ಇದ್ದಲ್ಲಿ ಈಗ ಗುಡ್ಡೆಯವರೆಗೂ ಬರೀ ಆಕಾಶ. ಅಂಗಳವೆಲ್ಲ ಮಾವಿನ ಮಿಡಿ ಚೆಲ್ಲಿತ್ತು. ವಿಸ್ಮಿತಾ ಬಂದು ಅವನಿಂದ ಸ್ವಲ್ಪ ದೂರದಲ್ಲಿ ಕುಳಿತಳು. ನಿನ್ನೆಯಿಂದ ಅವಳು ಅವನೊಡನೆ ಮಾತಾಡಿರಲಿಲ್ಲ.

ರಬ್ಬರು ಗುಡ್ಡೆಯ ಕಡೆಯಿಂದ ಹಕ್ಕಿ ಏರುತ್ತ ಇಳಿಯುತ್ತ ಬಂತು. ಹಣೆಯಲ್ಲಿ ಬಿಳಿ ಚುಕ್ಕೆ, ಹೆಣ್ಣು. ಮರ ಇದ್ದ ಜಾಗದವರೆಗೂ ನೇರವಾಗಿ ಬಂದು, ಅಲ್ಲಿ ಕೂರಲು ಏನೂ ಇಲ್ಲದೆ, ಗಾಳಿಯಲ್ಲಿ ಒಂದು ಗಳಿಗೆ ರೆಕ್ಕೆ ಬಡಿಯಿತು. ಆಮೇಲೆ ತಿರುಗಿ ಬಂದು ಗೋಡೆಗೆ ಒರಗಿದ್ದ ಮಂಚದ ಉದ್ದನೆಯ ಪಟ್ಟಿಗೆ ಅಂಟಿಕೊಂಡಿತು. ಅದರ ಕೊಕ್ಕಿನ ತುಂಬ ಇರುವೆಯ ಬಿಳಿ ಮೊಟ್ಟೆಗಳಿದ್ದವು. ಬಾಲ ಒತ್ತಿಕೊಂಡು, ಪಟ್ಟಿಯನ್ನು ಸುತ್ತುತ್ತ, ಅದು ತುದಿಯವರೆಗೆ ಏರಿತು. ತುದಿಯಲ್ಲಿ ನಿಂತು ಕತ್ತು ಓರೆ ಮಾಡಿ ಮಂಚದ ಮರವನ್ನು ಆಲಿಸಿತು. ಹಿಮ್ಮುಖವಾಗಿ ಕೆಳಗಿಳಿದು, ಮತ್ತೆ ಬುಡದಿಂದ ಏರತೊಡಗಿತು.